ಅಂಚಿನಲ್ಲಿದೆ ಅರಸನ ಕಾಲ

ಪ್ರಾಚೀನ ರೋಮಿನ ಬೆಳ್ಳಿ ನಾಣ್ಯ ಕಂಡರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಚಕ್ರವರ್ತಿಯ ಮುಖದ ಕಡೆಗೆ. ಬಲ್ಲವರು ಅಂಚನ್ನು ಓದುತ್ತಾರೆ. ತಲೆಯ ಸುತ್ತ ಮೂಡಿಸಿದ ಲ್ಯಾಟಿನ್ ಅಕ್ಷರಗಳಲ್ಲಿ ಹೆಸರು, ಬಿರುದು, ಪದವಿ ಎಲ್ಲವೂ ಮೊಟಕಾಗಿ ಸೇರಿರುತ್ತವೆ. ಹಲವೆಡೆ ಪದಗಳ ನಡುವೆ ಅಂತರವೇ ಇಲ್ಲ. ‘ಯು’ ಇರಬೇಕಾದಲ್ಲಿ ‘ವಿ’ ಇರುತ್ತದೆ.

ಚಕ್ರವರ್ತಿ ಟ್ರಾಜನ್‌ನ ಡಿನಾರಿಯಸ್ ಎಂಬ ಬೆಳ್ಳಿ ನಾಣ್ಯ ನೋಡಿ. ಅದರಲ್ಲಿ ‘ಡಿಎಸಿ’ ಎಂದಿದ್ದರೆ ಡೇಸಿಯಾ ಗೆದ್ದವನೆಂದು ಅರ್ಥ. ಆ ಬಿರುದು ಬಂದದ್ದು ಕ್ರಿ.ಶ. 102ರಲ್ಲಿ. ‘ಸಿಓಎಸ್’ ಮುಂದೆ ರೋಮನ್ ಐದು ಕಂಡರೆ ಅವನು ಐದನೆಯ ಸಲ ಕಾನ್ಸಲ್ ಆಗಿದ್ದಾನೆ, ಆರನೆಯ ಸಲ ಇನ್ನೂ ಆಗಿಲ್ಲ. ಹಾಗಾಗಿ ನಾಣ್ಯ 103ರಿಂದ 111ರ ನಡುವಿನದು. ಎಷ್ಟೋ ಅರಸರ ನಾಣ್ಯಗಳಲ್ಲಿ ‘ಟಿಆರ್ ಪಿ’ ಎಂಬ ಅಧಿಕಾರದ ಸಂಖ್ಯೆ ವರ್ಷವರ್ಷವೂ ಏರುತ್ತದೆ. ಅದು ಅಳಿಸದೆ ಉಳಿದಿದ್ದರೆ ಟಂಕಿಸಿದ ವರ್ಷವೇ ಸಿಗುತ್ತದೆ. ಎರಡು ಸಾವಿರ ವರ್ಷ ಹಳೆಯ ವಸ್ತುವೊಂದು ತನ್ನ ಕಾಲವನ್ನು ಇಷ್ಟು ಖಚಿತವಾಗಿ ಹೇಳುವುದು ನಿಜಕ್ಕೂ ಅಪರೂಪ.

ಅಕ್ಷರ ಸವೆದಿದ್ದರೆ ಹಿಂಬದಿಯ ದೇವತೆ ನೆರವಿಗೆ ಬರುತ್ತಾಳೆ. ತಕ್ಕಡಿ ಹಿಡಿದವಳು ಈಕ್ವಿಟಾಸ್, ಚುಕ್ಕಾಣಿ ಹಿಡಿದವಳು ಫಾರ್ಚುನಾ, ರೆಕ್ಕೆಯಿದ್ದವಳು ವಿಕ್ಟೋರಿಯಾ.

ತೂಕವೂ ಸಾಕ್ಷಿಯೇ. ಅಗಸ್ಟಸ್‌ನ ಡಿನಾರಿಯಸ್ ಸುಮಾರು 3.9 ಗ್ರಾಂ, ನೀರೋ 64ರಲ್ಲಿ ಅದನ್ನು ಸುಮಾರು 3.4 ಗ್ರಾಂಗೆ ಇಳಿಸಿದ. ಅರಸನ ತಲೆಯ ಮೇಲೆ ಸೂರ್ಯಕಿರಣದಂಥ ಕಿರೀಟವಿದ್ದ ದೊಡ್ಡ ಬೆಳ್ಳಿ ನಾಣ್ಯವಾದರೆ ಕಾರಕಲ್ಲಾ 215ರಲ್ಲಿ ತಂದ ಆಂಟೋನಿನಿಯಾನಸ್ ನೆನಪಾಗಬೇಕು. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಅದರಲ್ಲಿ ಬೆಳ್ಳಿ ಹೆಸರಿಗಷ್ಟೇ ಉಳಿಯಿತು.

ಕಷ್ಟ ಕೊಡುವವನು ಟೈಬೀರಿಯಸ್. ಅವನ ಡಿನಾರಿಯಸ್‌ಗಳಲ್ಲಿ ಹೆಚ್ಚಿನವುಗಳ ಹಿಂಬದಿಯಲ್ಲಿ ಕುಳಿತ ಹೆಣ್ಣಿನ ಒಂದೇ ಚಿತ್ರ. ಆಕೆ ಅವನ ತಾಯಿ ಲಿವಿಯಾ ಎಂಬುದು ರೂಢಿಯ ಮಾತು. ವರ್ಷ ತಿಳಿಸುವ ಸಂಖ್ಯೆ ಇಲ್ಲದ ಕಾರಣ ಕುರ್ಚಿಯ ಕಾಲು ಸಾದಾ ಆಗಿದೆಯೇ, ಕೆತ್ತನೆಯದ್ದೇ ಎಂದು ಭೂತಗನ್ನಡಿ ಹಿಡಿದು ಗುಂಪು ಮಾಡಬೇಕು.

ದಕ್ಷಿಣ ಭಾರತದಲ್ಲಿ ಹೆಚ್ಚು ಸಿಕ್ಕಿರುವ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಟೈಬೀರಿಯಸ್‌ನ ಈ ಡಿನಾರಿಯಸ್ ಕೂಡ ಒಂದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಟೈಬೀರಿಯಸ್‌ನ ನಾಣ್ಯ ದೊರೆತಿದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಬೆಳಕಿಗೆ ಬಂದ ನಿಧಿಯಲ್ಲಿ ಅಗಸ್ಟಸ್, ಟೈಬೀರಿಯಸ್ ಜೊತೆಗೆ ಕ್ಲಾಡಿಯಸ್‌ನ ನಾಣ್ಯಗಳೂ ಇದ್ದವು. ಕ್ಲಾಡಿಯಸ್ ಪಟ್ಟಕ್ಕೆ ಬಂದದ್ದು 41ರಲ್ಲಿ. ಹಾಗಾಗಿ ಆ ನಿಧಿಯನ್ನು ಅದಕ್ಕೂ ಮೊದಲು ಹೂತಿಟ್ಟಿರಲು ಸಾಧ್ಯವಿಲ್ಲ.