ಪೋಷಕ ನಟ ಕೆ. ಎಸ್. ಅಶ್ವತ್ಥ್

'ಪೋಷಕ' ಎಂದರೆ ಸಾಕುವವನು, ಬಲ ಕೊಟ್ಟು ಬೆಳೆಸುವವನು. ಶಾಲೆಯಲ್ಲಿ ನಾವು ತಂದೆತಾಯಿಯರನ್ನು ಪೋಷಕರೆಂದು ಕರೆಯುತ್ತೇವೆ. ಚಲನಚಿತ್ರದಲ್ಲಿ ನಾಯಕ ನಾಯಕಿಯರ ಸುತ್ತ ನಿಂತು ಕಥೆಗೆ ಬಲ ಕೊಡುವ ತಂದೆ, ಸೇವಕ, ಗುರು ಮುಂತಾದವು ಪೋಷಕ ಪಾತ್ರಗಳು. ಕನ್ನಡದಲ್ಲಿ ಇಂತಹ ಪಾತ್ರಗಳಿಗೆ ಘನತೆ ತಂದವರಲ್ಲಿ ಕೆ. ಎಸ್. ಅಶ್ವತ್ಥ್ ಪ್ರಮುಖರು.

ಅವರು 1925ರಲ್ಲಿ ಮೈಸೂರಿನಲ್ಲಿ ಜನಿಸಿದರು. ಚಿತ್ರರಂಗಕ್ಕೆ ಬರುವ ಮುನ್ನ ಸರ್ಕಾರಿ ನೌಕರಿಯಲ್ಲಿದ್ದರು. ರಂಗಭೂಮಿಯಲ್ಲಿಯೂ ಆಕಾಶವಾಣಿಯ ನಾಟಕಗಳಲ್ಲಿಯೂ ಪಳಗಿದ್ದರು. ರೇಡಿಯೋ ನಾಟಕದಲ್ಲಿ ಮುಖ ಕಾಣುವುದಿಲ್ಲ. ನಗು, ಅಳು, ಸಿಟ್ಟು ಎಲ್ಲವೂ ದನಿಯಲ್ಲಿಯೇ ಮೂಡಬೇಕು. ಅಶ್ವತ್ಥ್ ಅವರ ಸ್ವಚ್ಛವಾದ ಉಚ್ಚಾರಣೆಯನ್ನು ಕೇಳಿದವರಿಗೆ ಆ ಅಭ್ಯಾಸದ ಫಲ ತಿಳಿಯುತ್ತದೆ. 1955ರ 'ಸ್ತ್ರೀರತ್ನ' ಅವರ ಮೊದಲ ಚಿತ್ರ. ಅಲ್ಲಿಂದ ಮುಂದೆ 300ಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು. ಪೌರಾಣಿಕ ಚಿತ್ರಗಳಲ್ಲಿ ನಾರದರಾದರು. ಸಾಮಾಜಿಕ ಚಿತ್ರಗಳಲ್ಲಿ ಪಂಡರೀಬಾಯಿಯವರೊಡನೆ ಎಷ್ಟೋ ಬಾರಿ ತಂದೆತಾಯಿಯರಾಗಿ ಕಾಣಿಸಿಕೊಂಡರು.

ಪೋಷಕ ನಟನ ಕೆಲಸವೇನು? 1971ರ 'ಕಸ್ತೂರಿ ನಿವಾಸ'ವನ್ನು ನೋಡಿ. ರಾಜ್‌ಕುಮಾರ್ ಅವರದು ಕೊಡುಗೈ ದಾನಿಯ ಪಾತ್ರ. ಸಿರಿ ಕರಗಿದ ಮೇಲೂ ಒಡೆಯನನ್ನು ಬಿಟ್ಟುಹೋಗದ ಸೇವಕನಾಗಿ ಅಶ್ವತ್ಥ್ ಇದ್ದಾರೆ. ಒಡೆಯ ತನ್ನ ನೋವನ್ನು ಹೇಳಿಕೊಳ್ಳುವುದಿಲ್ಲ. ಅದು ನಮಗೆ ಕಾಣುವುದು ಸೇವಕನ ಮುಖದಲ್ಲಿ.

ಅವರನ್ನು ಮನೆಮಾತಾಗಿಸಿದ್ದು 1972ರ 'ನಾಗರಹಾವು'. ತ. ರಾ. ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಈ ಚಿತ್ರದಲ್ಲಿ ಅಶ್ವತ್ಥ್ ಚಾಮಯ್ಯ ಮೇಷ್ಟ್ರು, ವಿಷ್ಣುವರ್ಧನ್ ಅವರ ಶಿಷ್ಯ ರಾಮಾಚಾರಿ. ಊರೆಲ್ಲ ಪುಂಡನೆಂದು ದೂರುವ ಹುಡುಗನಲ್ಲಿ ಒಳ್ಳೆಯತನವನ್ನು ಕಂಡವರು ಈ ಮೇಷ್ಟ್ರು. ಆದರೆ ಜಾತಿಯ ಕಟ್ಟಿಗೆ ಮಣಿದು, ಅಲಮೇಲುವನ್ನು ಮರೆತುಬಿಡೆಂದು ಶಿಷ್ಯನಿಗೆ ಹೇಳುವವರೂ ಅವರೇ. ಗುರುವಿನ ಮೇಲಿನ ಪ್ರೀತಿಗಾಗಿ ಅವನು ಒಪ್ಪುತ್ತಾನೆ. ಅಲಮೇಲುವಿನ ಬಾಳು ಹಾಳಾಗುತ್ತದೆ. ಕೊನೆಗೆ ಗುರುಶಿಷ್ಯರಿಬ್ಬರೂ ಉಳಿಯುವುದಿಲ್ಲ. ಅಶ್ವತ್ಥ್ ಈ ಮೇಷ್ಟ್ರನ್ನು ಕೆಟ್ಟವರನ್ನಾಗಿ ಮಾಡಲಿಲ್ಲ. ಒಳ್ಳೆಯವರ ಮಾತೂ, ಪ್ರೀತಿಯಿಂದ ಆಡಿದ್ದಾದರೂ, ತಪ್ಪಾಗಬಹುದೆಂದು ತೋರಿಸಿದರು. ಶಿಕ್ಷಕರಾದ ನಮಗೂ ಪೋಷಕರಿಗೂ ಇಲ್ಲಿ ಪಾಠವಿದೆ. ಮಕ್ಕಳು ನಮ್ಮ ಮಾತನ್ನು ಕೇಳಬೇಕೆನ್ನುವ ಮುನ್ನ ಅವರ ಮನಸ್ಸನ್ನು ನಾವು ಕೇಳಬೇಕು.

2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ತೀರಿಕೊಂಡರು. ಮೂರು ವಾರ ಕಳೆಯುವ ಮೊದಲೇ, 2010ರ ಜನವರಿ 18ರಂದು, ಮೈಸೂರಿನಲ್ಲಿ ಅಶ್ವತ್ಥ್ ನಿಧನರಾದರು. 'ಮೇಷ್ಟ್ರೂ ಶಿಷ್ಯನೂ ಜೊತೆಗೇ ಹೋದರು' ಎಂದು ಕನ್ನಡಿಗರು ಮರುಗಿದರು.

ವಿದ್ಯಾರ್ಥಿಗಳೇ, ಗೋವೆಯಲ್ಲಿ ಬೀದಿಗಿಳಿದರೆ ಕೊಂಕಣಿ, ಮರಾಠಿ, ಹಿಂದಿ ಕಿವಿಗೆ ಬೀಳುತ್ತವೆ. ಊರಿನ ಅಜ್ಜ ದೊಡ್ಡಪ್ಪಂದಿರ ಕನ್ನಡ ಕೇಳಿಸುವುದು ರಜೆಯಲ್ಲಿ ಮಾತ್ರ. ಮನೆಯವರೆಲ್ಲ ಕೂಡಿ ಈ ಚಿತ್ರಗಳನ್ನು ನೋಡಿ. ಹಿರಿಯರ ಕನ್ನಡದ ಹದ ಅಶ್ವತ್ಥರ ಮಾತಿನಲ್ಲಿ ಸಿಗುತ್ತದೆ. ಶಾಲೆಯ ನಾಟಕದಲ್ಲಿ ರಾಜನ ಪಾತ್ರ ಸಿಗದೆ ಮಂತ್ರಿಯ ಪಾತ್ರ ಬಂದರೆ ಮುಖ ಸಣ್ಣದು ಮಾಡಿಕೊಳ್ಳಬೇಡಿ. ಮಂತ್ರಿ ತಲೆಬಾಗಿದಾಗಲೇ ರಾಜ ರಾಜನಾಗಿ ಕಾಣುವುದು.