ಹಿಡಿಯ ಹಿತ, ಕಟ್ಟೆಯ ಎತ್ತರ

ತರಕಾರಿ ಹೆಚ್ಚುವಾಗ ಕೈಗೆ ಎರಡು ಕೆಲಸ: ಚಾಕುವನ್ನು ಜಾರದಂತೆ ಹಿಡಿಯಬೇಕು, ಅದನ್ನು ಒತ್ತಲೂ ಬೇಕು. ಬೆರಳಿನ ಗಂಟುಗಳನ್ನು ದಣಿಸುವುದರಲ್ಲಿ ಹಿಡಿತದ ಪಾಲು ಸಣ್ಣದಲ್ಲ. ಅಮೆರಿಕದ ಉದ್ಯಮಿ ಸ್ಯಾಮ್ ಫಾರ್ಬರ್ ಅವರ ಹೆಂಡತಿ ಬೆಟ್ಸಿಗೆ ಸಂಧಿವಾತವಿತ್ತು. ತೆಳುವಾದ ಲೋಹದ ಹಿಡಿಯ ಪೀಲರ್ ಅವರ ಕೈಗೆ ಒಗ್ಗಲಿಲ್ಲ. ಅದರಿಂದ ಹುಟ್ಟಿ 1990ರಲ್ಲಿ ಮಾರುಕಟ್ಟೆಗೆ ಬಂದದ್ದು ಆಕ್ಸೊ ಪೀಲರ್. ರಬ್ಬರಿನಂಥ ಮೆತ್ತನೆಯ ವಸ್ತುವಿನ ದಪ್ಪ ಹಿಡಿ, ಬೆರಳೂರಲು ಎರಡೂ ಬದಿಗೆ ಸಣ್ಣ ಗೆರೆಗಳು. ಹಿಡಿ ದಪ್ಪವಾದರೆ ಮುಷ್ಟಿ ಬಿಗಿಯಬೇಕಾಗಿಲ್ಲ, ಒತ್ತಡ ಇಡೀ ಅಂಗೈಗೆ ಹಂಚಿಹೋಗುತ್ತದೆ. ನೋವಿದ್ದವರಿಗೆಂದು ಯೋಚಿಸಿದ್ದನ್ನು ನೋವಿಲ್ಲದವರೂ ಮೆಚ್ಚಿ ಕೊಂಡರು.

ನಮ್ಮ ಈಳಿಗೆಮಣೆ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಅದರಲ್ಲಿ ಹಿಡಿಯೇ ಇಲ್ಲ. ಮಣೆಯನ್ನು ಕಾಲು ಅದುಮಿಕೊಂಡಿರುತ್ತದೆ, ಅಲಗು ನಿಂತಲ್ಲೇ ನಿಂತಿರುತ್ತದೆ, ಚಲಿಸುವುದು ತರಕಾರಿ. ಎರಡೂ ಕೈ ಬಿಡುವಾಗಿರುವುದರಿಂದ ಹಲಸಿನಕಾಯಿಯಂಥ ಒರಟು ಕಾಯನ್ನೂ ತಿರುಗಿಸಿ ತಿರುಗಿಸಿ ಅಲಗಿಗೆ ಕೊಡಬಹುದು. ಒತ್ತುವ ಬಲ ಮಣಿಕಟ್ಟಿನ ಬದಲು ಭುಜದಿಂದ, ಬಾಗಿದ ಮೈಯ ಭಾರದಿಂದ ಬರುತ್ತದೆ. ಅಲಗಿನ ತುದಿಯಲ್ಲಿ ಹಲ್ಲಿನ ಬಿಲ್ಲೆಯಿದ್ದರೆ ಕಾಯಿತುರಿಯೂ ಅಲ್ಲೇ ಆಯಿತು. ಹಿಡಿಯ ಕಷ್ಟವನ್ನು ಪೀಲರ್ ಕಡಿಮೆ ಮಾಡಿದರೆ, ಈಳಿಗೆ ಅದನ್ನು ಕೈಯಿಂದಲೇ ತೆಗೆದುಹಾಕಿದೆ.

ಹಾಗಿದ್ದರೆ ಅದು ಅಟ್ಟ ಸೇರಿದ್ದೇಕೆ ಎಂದು ಕೇಳಬಹುದು. ಮಂಡಿ ಮಡಿಸಿ ಕೂರುವುದು ವಯಸ್ಸಾದವರಿಗೆ ಶಿಕ್ಷೆ, ಮಕ್ಕಳಿರುವ ಮನೆಯಲ್ಲಿ ಬಿಚ್ಚಲಗು ಅಪಾಯ. ಎರಡೂ ನಿಜ. ಆದರೆ ಒಲೆ ಕಟ್ಟೆಗೇರಿದ್ದು ಇನ್ನೂ ದೊಡ್ಡ ಕಾರಣವೆಂದು ನನಗನಿಸುತ್ತದೆ. ನಿಂತು ಅಡುಗೆ ಮಾಡುವವರು ಹೆಚ್ಚುವುದಕ್ಕೆಂದು ಪದೇಪದೇ ನೆಲಕ್ಕಿಳಿಯಲಾರರು. ಕಟ್ಟೆಯ ಅಂಚಿಗೆ ತಿರುಪಿನಿಂದ ಬಿಗಿಯುವ ಈಳಿಗೆಯೂ ಬಂತು. ಆದರೆ ಅಲಗು ಮೇಲೇರಿದ್ದರಿಂದ ಬಾಗಿ ಭಾರ ಹಾಕುವ ಅನುಕೂಲ ಕೈತಪ್ಪಿತು. ಅಂದರೆ ಉಪಕರಣ ಹಿತವೋ ಅಲ್ಲವೋ ಎನ್ನುವುದನ್ನು ಅದರ ಆಕಾರವೊಂದೇ ತೀರ್ಮಾನಿಸುವುದಿಲ್ಲ, ಅದು ಕೂತಿರುವ ಎತ್ತರವೂ ತೀರ್ಮಾನಿಸುತ್ತದೆ.

ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಭಾರತದ ಹೆಂಗಸರ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್. ನಿಂತಾಗ ಮೊಣಕೈ ನೆಲದಿಂದ ಹೆಚ್ಚುಕಡಿಮೆ 95 ಸೆಂಟಿಮೀಟರ್ ಮೇಲಿರುತ್ತದೆ. ಹೆಚ್ಚುವಂಥ ಹಗುರ ಕೆಲಸಕ್ಕೆ ಕಟ್ಟೆ ಮೊಣಕೈಗಿಂತ 10ರಿಂದ 15 ಸೆಂಟಿಮೀಟರ್ ಕೆಳಗಿರಲಿ ಎನ್ನುತ್ತಾರೆ ತಜ್ಞರು. ಅಂದರೆ ಈ ಎತ್ತರದವರಿಗೆ 80ರಿಂದ 85 ಸಾಕು. ಅಮೆರಿಕದ ವಾಡಿಕೆಯ ಅಳತೆಯಾದ 36 ಇಂಚು, ಅಂದರೆ 91 ಸೆಂಟಿಮೀಟರ್ ಕಟ್ಟೆಯ ಮುಂದೆ ಇವರು ಭುಜ ಎತ್ತಿಕೊಂಡೇ ಹೆಚ್ಚಬೇಕು. ಎಷ್ಟು ದುಬಾರಿ ಚಾಕು ಕೊಂಡರೂ ಆ ನೋವು ತಪ್ಪದು.

ಅಭ್ಯಾಸವಾದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಅಭ್ಯಾಸದಿಂದ ಕೈ ಚುರುಕಾಗುತ್ತದೆ, ಭುಜ ಇಳಿಯುವುದಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಕಟ್ಟೆ ಕಟ್ಟಿಸಲಾದೀತೇ ಎಂಬ ಆಕ್ಷೇಪ ಮಾತ್ರ ತೂಕದ್ದು. ಕಟ್ಟೆ ಒಡೆಯಬೇಕಿಲ್ಲ. ಕುಳ್ಳಗಿರುವವರು ಕಾಲಡಿಗೆ ಅಲುಗಾಡದ ಅಗಲ ಹಲಗೆ ಹಾಕಿಕೊಳ್ಳಬಹುದು, ಎತ್ತರದವರು ದಪ್ಪನೆಯ ಹೆಚ್ಚುಮಣೆ ಇಟ್ಟುಕೊಳ್ಳಬಹುದು. ಇನ್ನು ಚಪಾತಿ ಹಿಟ್ಟು ನಾದುವುದಕ್ಕೆ ಮೈಭಾರ ಬೇಕು, ಕಟ್ಟೆ ಇನ್ನೂ ತಗ್ಗಿರಬೇಕು. ಅದಕ್ಕೆ 75 ಸೆಂಟಿಮೀಟರ್ ಆಸುಪಾಸಿನ ಊಟದ ಮೇಜು ಹಲವು ಮನೆಗಳಲ್ಲಿ ಆಗಲೇ ಇದೆ.