ಮೂರನೆಯ ಆಸನ

ನಲವತ್ತು ದಾಟಿದ ಮೇಲೆ ನನಗೆ ವಿಮಾನ ನಡೆಸುವ ಹುಚ್ಚು ಹತ್ತಿತೆಂದರೆ ಮಿತ್ರರು ನಗುತ್ತಾರೆ. ನಗಲಿ. ಪಂಪ ರನ್ನರ ಪಾಠ ಹೇಳುವವನಿಗೆ ಪ್ರೊಪೆಲ್ಲರಿನ ಗೊಡವೆ ಏಕೆಂದು ಮನೆಯಲ್ಲಿಯೂ ಕೇಳಿದ್ದುಂಟು. ನಾನು ನಡೆಸುವ ವಿಮಾನವಾದರೋ ನೆಲ ಬಿಟ್ಟು ಏಳುವುದೇ ಇಲ್ಲ. ಅದು ಕಂಪ್ಯೂಟರಿನ ಪರದೆಯ ಮೇಲಿನ ವಿಮಾನ, ಸಿಮ್ಯುಲೇಟರ್ ಎಂಬ ಮಾಯಾಯಂತ್ರದ ಸೃಷ್ಟಿ.

ಈ ಮಾಯೆಗೂ ಒಂದು ಹಿರಿದಾದ ವಂಶಾವಳಿಯಿದೆ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ 1929ರಲ್ಲಿ ಇಂಥ ಮೊದಲ ಯಂತ್ರವನ್ನು ಮಾಡಿದ. ಆತನ ತಂದೆಯದು ಆರ್ಗನ್ನು, ಪಿಯಾನೋಗಳ ಕಾರ್ಖಾನೆ. ಸಂಗೀತಕ್ಕೆ ಗಾಳಿಯೂದುವ ತಿದಿಗಳನ್ನೇ ಬಳಸಿ, ನೆಲದಲ್ಲಿ ನೆಟ್ಟ ಪುಟ್ಟ ವಿಮಾನವೊಂದನ್ನು ಆತ ಓಲಾಡಿಸಿದನಂತೆ. ಹಾರಾಟದ ಮೊದಲ ಗುರುಕುಲ ವಾದ್ಯದ ಅಂಗಡಿಯಲ್ಲಿ ಹುಟ್ಟಿತೆಂಬುದು ನನ್ನಂಥ ಮೇಷ್ಟರಿಗೆ ಒಂದು ಬಗೆಯ ಸಮಾಧಾನ.

ಬೇಸಗೆಯ ರಜೆಯಲ್ಲಿ ಬಂದಿದ್ದ ಅಕ್ಕನ ಮಗ ಇದನ್ನೆಲ್ಲ ನನ್ನ ಕೋಣೆಯಲ್ಲಿ ಹೂಡಿಕೊಟ್ಟ. ಹತ್ತಾರು ವಿಮಾನಗಳಲ್ಲಿ ನಾನು ಆರಿಸಿಕೊಂಡದ್ದು ಡಗ್ಲಸ್ ಡಿಸಿ-6. 1946ರಲ್ಲಿ ಮೊದಲು ಹಾರಿ ಮರುವರ್ಷ ಪ್ರಯಾಣಿಕರ ಸೇವೆಗೆ ನಿಂತ, ಜೆಟ್ಟುಗಳ ಹಿಂದಿನ ಕಾಲದ ನಾಲ್ಕು ಇಂಜಿನುಗಳ ವಿಮಾನ. “ಮಾಮ, ಅದು ಬಹಳ ಕಷ್ಟದ್ದು, ಬೇರೆ ಯಾವುದಾದ್ರೂ ತಗೊಳ್ಳಿ” ಎಂದ. ಛಲ ಹುಟ್ಟಲು ಅಷ್ಟು ಸಾಕಾಯಿತು.

ಅವನ ಮಾತು ಸುಳ್ಳಾಗಿರಲಿಲ್ಲ. ಒಂದೊಂದು ಇಂಜಿನಿಗೆ 18 ಸಿಲಿಂಡರುಗಳು, ಒಂದೊಂದು ಸಿಲಿಂಡರಿಗೆ ಎರಡು ಕಿಡಿಗೊಳವೆಗಳು. ಒಟ್ಟು 72 ಸಿಲಿಂಡರು, 144 ಕಿಡಿ. ಹೂವಿನ ದಳಗಳಂತೆ ಸುತ್ತಲೂ ಜೋಡಿಸಿದ ಈ ಸಿಲಿಂಡರುಗಳಲ್ಲಿ ಕೆಳಗಿನವಕ್ಕೆ, ಇಂಜಿನು ನಿಂತಿರುವಾಗ, ಎಣ್ಣೆ ಇಳಿದು ಸೇರುತ್ತದೆ. ಎಣ್ಣೆ ಗಾಳಿಯಂತೆ ಕುಗ್ಗುವ ವಸ್ತುವಲ್ಲ. ಅದನ್ನು ಲೆಕ್ಕಿಸದೆ ಕಿಡಿ ಹೊತ್ತಿಸಿದರೆ ಪಿಸ್ಟನ್ನಿನ ದಂಡವೇ ಬಾಗಬಹುದು. ಆದುದರಿಂದ ಮೊದಲು ಕಿಡಿಯಿಲ್ಲದೆ ಪ್ರೊಪೆಲ್ಲರನ್ನು ತಿರುಗಿಸಿ, ಕಿಟಕಿಯಾಚೆ ಹಾಯುವ ಅಲಗುಗಳನ್ನು ಒಂದೊಂದಾಗಿ ಎಣಿಸಬೇಕು. ಲಘು ಗುರುಗಳನ್ನೆಣಿಸಿ ಬೆರಳು ಸವೆದ ನನಗೆ ಈ ವಿದ್ಯೆಯಲ್ಲಿ ಸುಲಭವಾಗಿ ಕೈಗೆ ಹತ್ತಿದ್ದು ಇದೊಂದೇ.

ಏರುವುದನ್ನು ವಾರದಲ್ಲಿ ಕಲಿತೆ. ಇಳಿಯುವುದರಲ್ಲಿ ಸೋತೆ. ನಿಲ್ದಾಣ ಕಣ್ಣಿಗೆ ಬಿದ್ದೊಡನೆ, ಕಾರಿನ ಪೆಡಲಿನಿಂದ ಕಾಲು ತೆಗೆವಂತೆ, ಥ್ರಾಟಲನ್ನು ಒಮ್ಮೆಲೇ ಹಿಂದಕ್ಕೆಳೆದೆ. ಮೂರನೆಯ ಇಂಜಿನು ನಡುಗತೊಡಗಿತು, ಕಡೆಗೆ ನಿಂತೇಹೋಯಿತು. ಮರುದಿನವೂ ಹೀಗೆಯೇ. ಕೈಪಿಡಿಗಳನ್ನು ತಿರುವಿದ ಮೇಲೆ ತಪ್ಪು ಹೊಳೆಯಿತು. ಇಂಜಿನು ಪ್ರೊಪೆಲ್ಲರನ್ನು ತಿರುಗಿಸುವುದು ಧರ್ಮ. ಶಕ್ತಿಯನ್ನು ಹಠಾತ್ತನೆ ಕಸಿದುಕೊಂಡರೆ ಎದುರುಗಾಳಿಗೆ ಸಿಕ್ಕ ಪ್ರೊಪೆಲ್ಲರೇ ಇಂಜಿನನ್ನು ತಿರುಗಿಸಹತ್ತುತ್ತದೆ. ಭಾರವೆಲ್ಲ ತಲೆಕೆಳಗಾಗಿ ಬೇರಿಂಗುಗಳು ಸವೆಯುತ್ತವೆ. ನಿಮಿಷಕ್ಕೆ ನೂರು ಸುತ್ತಿಗೆ ಒಂದಂಗುಲದಂತೆ, ಎಂದರೆ 2,000 ಸುತ್ತಿಗೆ ಕನಿಷ್ಠ 20 ಅಂಗುಲ ಪಾದರಸದ ಒತ್ತಡವನ್ನು ಇಂಜಿನಿಗೆ ಉಳಿಸಿಕೊಡಬೇಕೆಂಬುದು ಹಳೆಯ ಚಾಲಕರ ಸೂತ್ರ. 20,000 ಅಡಿಯಿಂದ ನಿಮಿಷಕ್ಕೆ 500 ಅಡಿಯಂತೆ ಇಳಿದರೂ 40 ನಿಮಿಷ ಬೇಕು. ಅಷ್ಟರಲ್ಲಿ ವಿಮಾನ 150 ಮೈಲಿಗೂ ಹೆಚ್ಚು ಸಾಗಿರುತ್ತದೆ. ಊರು ಕಾಣುವ ಬಹಳ ಮೊದಲೇ ಇಳಿಯುವ ಮನಸ್ಸು ಮಾಡಿರಬೇಕು.

ಇವೆಲ್ಲವನ್ನೂ ನೋಡಿಕೊಳ್ಳಲು ಅಂದು ಇಬ್ಬರು ಚಾಲಕರ ನಡುವೆ ಮೂರನೆಯ ಆಸನವೊಂದಿತ್ತು; ಅದರಲ್ಲಿ ಕೂರುತ್ತಿದ್ದವನು ಫ್ಲೈಟ್ ಇಂಜಿನಿಯರು. ಆ ವೃತ್ತಿ ಇಂದಿನ ಹೊಸ ವಿಮಾನಗಳಲ್ಲಿ ಇಲ್ಲವಾಗಿದೆ. ನನ್ನ ಪರದೆಯಲ್ಲಿ ಅವನ ಬದಲು ಎಲ್ಲವನ್ನೂ ತಾನೇ ಮಾಡುವ ಗುಂಡಿಯೊಂದುಂಟು. ಅದನ್ನೊತ್ತಿದರೆ ನಾನು ಸುಮ್ಮನೆ ಹಾರಬಹುದು. ಮೂಲವನ್ನು ತೆರೆಯದೆ ಗೈಡುಗಳನ್ನು ಓದಿ ಪರೀಕ್ಷೆಗೆ ಬರುವ ವಿದ್ಯಾರ್ಥಿಗಳನ್ನು ಇಪ್ಪತ್ತು ವರ್ಷ ಬೈದ ಬಾಯಿ ನನ್ನದು. ಒತ್ತಲು ನಾಚಿಕೆಯಾಯಿತು.

ನಾಚಿಕೆ ಭಯವಾದದ್ದು ಈ ವಿಮಾನದ ಪೂರ್ವಕಥೆಯನ್ನು ಓದಿದಾಗ. 1947ರ ಅಕ್ಟೋಬರ್ 24ರಂದು ಲಾಸ್ ಏಂಜಲೀಸಿನಿಂದ ಷಿಕಾಗೋಗೆ ಹೊರಟ ಡಿಸಿ-6 ಒಂದರ ಒಡಲಿಗೆ ಬೆಂಕಿ ಬಿತ್ತು. ಯೂಟಾ ಪ್ರಾಂತದ ಬ್ರೈಸ್ ಕ್ಯಾನಿಯನ್ ನಿಲ್ದಾಣ ಇನ್ನು ಎರಡು ಮೈಲಿಯೂ ಇಲ್ಲವೆನ್ನುವಾಗ ಅದು ನೆಲಕ್ಕಪ್ಪಳಿಸಿತು. 52 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ನವೆಂಬರ್ 11ರಂದು ಮತ್ತೊಂದು ಡಿಸಿ-6 ಉರಿಯುತ್ತಲೇ ನ್ಯೂ ಮೆಕ್ಸಿಕೋದ ಗ್ಯಾಲಪ್ಪಿನಲ್ಲಿ ಇಳಿದು, ಎಲ್ಲರೂ ಬದುಕಿದರು. ಕಾರಣವೂ ಆಗ ತಿಳಿಯಿತು. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಪೆಟ್ರೋಲು ಹರಿಸುವಾಗ, ತುಂಬಿದ್ದನ್ನು ಗಮನಿಸದೆ ಬಿಟ್ಟರೆ, ಅದು ಗಾಳಿಕಿಂಡಿಯಿಂದ ಉಕ್ಕಿ ಹೊರಚೆಲ್ಲುತ್ತಿತ್ತು. ಚೆಲ್ಲಿದ್ದು ಗಾಳಿಯ ಸೆಳೆತಕ್ಕೆ ಹಿಂದೆ ಸರಿದು, ಪ್ರಯಾಣಿಕರನ್ನು ಬೆಚ್ಚಗಿಡುವ ಹೀಟರಿನ ಬಾಯಿಗೇ ಹೋಗಿ ಸೇರುತ್ತಿತ್ತು. ಆ ಜಾತಿಯ ವಿಮಾನಗಳನ್ನೆಲ್ಲ ಸುಮಾರು ನಾಲ್ಕು ತಿಂಗಳು ನೆಲದಲ್ಲಿ ನಿಲ್ಲಿಸಿ ತಿದ್ದಿದರು. 80,000 ಪೌಂಡಿಗೆ ಮೀರಿದ ವಿಮಾನಗಳಲ್ಲಿ ಇಂಜಿನಿಯರು ಇರಲೇಬೇಕೆಂದು ಅಮೆರಿಕದಲ್ಲಿ ನಿಯಮವಾದದ್ದು 1948ರಲ್ಲಿ.

ನನ್ನ ಪರದೆಯದು ತಿದ್ದುಪಡಿಯ ನಂತರದ ಮಾದರಿ. ಆ ದೋಷ ಅದರಲ್ಲಿಲ್ಲ. ಆದರೂ ಟ್ಯಾಂಕು ಬದಲಿಸುವಾಗ ಮುಳ್ಳಿನಿಂದ ಕಣ್ಣು ಕೀಳಲಾರೆ.

ದಸರಾ ರಜೆಗೆ ಹುಡುಗ ಮತ್ತೆ ಬಂದ. ಪಕ್ಕದಲ್ಲಿ ಕುರ್ಚಿ ಹಾಕಿ, ಕೈಗೆ ಪಟ್ಟಿ ಕೊಟ್ಟು, “ನೀನೇ ಈಗ ಇಂಜಿನಿಯರು, ಓದು” ಎಂದೆ. ಲಾಸ್ ಏಂಜಲೀಸಿನಿಂದ ಹೊರಟೆವು. ಅವನು ಉಷ್ಣ ಹೇಳಿದ, ಒತ್ತಡ ಹೇಳಿದ, ಟ್ಯಾಂಕುಗಳ ಅಳತೆ ಹೇಳಿದ. ನಾನು ಮರೆತದ್ದನ್ನು ಎರಡು ಬಾರಿ ನೆನಪಿಸಿದ. ಕೆಂಪು ಬಂಡೆಗಳ ನಾಡಿನಲ್ಲಿ, ಸಮುದ್ರಮಟ್ಟಕ್ಕಿಂತ ಏಳೂವರೆ ಸಾವಿರ ಅಡಿ ಮೇಲಿರುವ ನಿಲ್ದಾಣದಲ್ಲಿ, ನಾಲ್ಕು ಇಂಜಿನುಗಳೂ ಕೆಡದಂತೆ ಇಳಿದೆವು.

“ಷಿಕಾಗೋಗೆ ಅಂದಿದ್ರಲ್ಲ ಮಾಮ, ಇಲ್ಯಾಕೆ ಇಳಿದ್ರಿ?” ಎಂದು ಕೇಳಿದ.

ಇಂಜಿನುಗಳನ್ನು ಒಂದೊಂದಾಗಿ ನಿಲ್ಲಿಸಿ, ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿಕೊಂಡೆ.